ಮೂರನೆಯ ಪುಟದ ಅತಿಥಿ

ಸೇಂಟ್ ಲೂಯಿಸ್
ಸೋಮವಾರ, ೬ ಮಾರ್ಚ್ ೧೯೧೧

ದೊಡ್ಡಮ್ಮ,

ಗಿಡಿಯನ್ ಪ್ರೈಸ್‌ನನ್ನು ಕೊಂದವರು ಯಾರೆಂದು ಯಾರಿಗೂ ಗೊತ್ತಿಲ್ಲವಂತೆ. ನಿಮ್ಮೂರ ಬಿಳಿಯರ ಪೇಪರು ಹಾಗೇ ಬರೆದುಕೊಂಡಿದೆ, "ಅಪರಿಚಿತ ಕೈಗಳು" ಅಂತ. ಹಾಲೋ ಫೆರಿಯಲ್ಲಿ ಒಬ್ಬರ ನಾಯಿ ಇನ್ನೊಬ್ಬರ ಕೋಳಿ ಕಚ್ಚಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಪಂಜು ಹಿಡಿದು ನದಿ ದಂಡೆಗೆ ಹೋಗಿ ಒಬ್ಬ ಗಂಡಸನ್ನು ಮರಕ್ಕೆ ನೇತುಹಾಕಿ ಬಂದವರು ಮಾತ್ರ ಯಾರಿಗೂ ಗೊತ್ತಿಲ್ಲ! ಓದಿ ಮೈಯೆಲ್ಲ ಉರಿದುಹೋಯಿತು.

ಗಿಡಿಯನ್ ಮಾಡಿದ ತಪ್ಪಾದರೂ ಏನು? ತನ್ನದೇ ಒಂದು ದೋಣಿ ಕಟ್ಟಿಸಿದ. ನಮ್ಮ ಕರಿಯ ಜನ ಬಿಳಿಯನ ದೋಣಿಯಲ್ಲಿ ಹೇಸರಗತ್ತೆಗಳ ಪಕ್ಕ ನಿಂತು ಹೊಳೆ ದಾಟುವುದನ್ನು ಬಿಟ್ಟು ಗಿಡಿಯನ್ನನ ದೋಣಿಯಲ್ಲಿ ಕೂತು ದಾಟಿದರು. ಅಷ್ಟೇ.

ಈಗ ಕೇಳು. ಕಂಡವನು ಒಬ್ಬನಿದ್ದಾನೆ. ಗಿಡಿಯನ್ನನ ದೋಣಿಗೆ ಹುಟ್ಟು ಹಾಕುತ್ತಿದ್ದ ಓಬೆಡ್ ಸ್ಯಾಮ್ಸ್. ಅವತ್ತು ದೋಣಿಯ ತಳದಲ್ಲಿ ಅಡಗಿ ಮಲಗಿ ಐದು ಮುಖಗಳನ್ನು ನೋಡಿದ್ದಾನೆ. ಅವನು ಬರೆದ ಕಾಗದ ಹೋದ ವಾರ ನನ್ನ ಕೈಸೇರಿತು. ನಡೆದದ್ದನ್ನೆಲ್ಲ ಬರೆದಿದ್ದಾನೆ, ಹೆಸರು ಬರೆದಿಲ್ಲ. "ಹೆಸರುಗಳನ್ನ ನಿಮ್ಮ ಮುಂದೆ ಕೂತು ನನ್ನ ಬಾಯಿಂದಲೇ ಹೇಳ್ತೀನಿ ಮೇಡಂ" ಅಂದಿದ್ದಾನೆ. ಊರು ಬಿಟ್ಟು ಓಡಿದ್ದಾನೆ, ಎಲ್ಲಿದ್ದಾನೆಂದು ನನಗೂ ತಿಳಿಸಿಲ್ಲ. ಹುಡುಕಾಟ ತಣ್ಣಗಾದ ಮೇಲೆ ಬರುತ್ತಾನಂತೆ. ಅವನು ನನ್ನ ತನಕ ಜೀವಂತ ಬಂದು ಮುಟ್ಟಬೇಕು. ಕೂತರೂ ನಿಂತರೂ ನನಗೆ ಅದೊಂದೇ ಯೋಚನೆ.

ಅವನ ಕಾಗದವನ್ನು ನನ್ನ ಪತ್ರಿಕೆಯಲ್ಲಿ ಹೆಸರಿಲ್ಲದೆ ಹಾಕುತ್ತಿದ್ದೇನೆ. ಅದರ ಮುನ್ನುಡಿಗೇ ಹೋದ ವಾರ ಜಾಗ ಸಾಲದೆ ನಿನ್ನ 'ಊರ ಸುದ್ದಿ'ಯನ್ನು ಅರ್ಧಕ್ಕೆ ಕತ್ತರಿಸಬೇಕಾಯಿತು. ಹೊಟ್ಟೆಗೆ ಹಾಕಿಕೋ. ನಾಲ್ಕು ವರ್ಷದ ಹಿಂದೆ ನನ್ನ ಅಚ್ಚಿನ ಯಂತ್ರ ಒಡೆದು ಹೊಳೆಗೆ ಎಸೆದರಲ್ಲ, ಊರಿಗೆ ಕಾಲಿಟ್ಟರೆ ನನ್ನನ್ನೂ ಎಸೆಯುತ್ತೇವೆ ಅಂದರಲ್ಲ, ಅವರಿಗೆ ಗೊತ್ತಾಗಲಿ, 'ರಿವರ್ ಬ್ಯಾನರ್' ಎಲ್ಲಿ ಅಚ್ಚಾದರೂ ಹಾಲೋ ಫೆರಿಗೆ ಬರುತ್ತದೆ.

ನಿನ್ನ
ಡ್ರುಸಿಲ್ಲಾ


ಹಾಲೋ ಫೆರಿ
ಭಾನುವಾರ, ೧೨ ಮಾರ್ಚ್

ಮಗಳೇ ಡ್ರೂ,

ನಿನ್ನ ಕಾಗದ ರೈಲಿನ ಪೋರ್ಟರ್ ಹಾಲಿಸ್ ಅವರು ತಂದುಕೊಟ್ಟರು. ಇನ್ನು ಮೇಲೆ ಯಾವಾಗಲೂ ಅವರ ಕೈಲೇ ಕೊಡು, ಅಂಚೆಗೆ ಹಾಕಬೇಡ. ಯಾಕೆ ಅಂತ ಕೇಳಬೇಡ, ಹೇಳಿದಷ್ಟು ಮಾಡು.

ಪೇಪರೂ ಬಂತು. ನೋಡಿ ತಲೆ ಚಚ್ಕೊಂಡೆ. ಸೋದರಿ ಓರ್ಲೀನಾಗೆ ಎಂಬತ್ತು ತುಂಬಿತು, ಮೂರು ಪದರದ ಕೇಕು ಮಾಡಿಸಿದ್ರು, ಪಾದ್ರಿಗಳೇ ಬಂದು ಪ್ರಾರ್ಥನೆ ಮಾಡಿದ್ರು. ಅದನ್ನೇ ಕತ್ತರಿಸಿ ಬಿಸಾಕಿದೀಯಲ್ಲೇ! ಇವತ್ತು ಚರ್ಚಿನಲ್ಲಿ ಆ ಮುದುಕಿ ಮೊಮ್ಮಗಳ ಕೈಲಿ ಪೇಪರನ್ನ ಎರಡೆರಡು ಸಲ ಓದಿಸಿದಳು. "ಸರಿಯಾಗಿ ನೋಡೇ, ಹಿಂದುಗಡೆ ಇರಬೇಕು" ಅಂತಾಳೆ. ನನಗೆ ಮುಖ ಎತ್ತೋಕೆ ಆಗಲಿಲ್ಲ.

ನಿನ್ನ ದೊಡ್ಡ ದೊಡ್ಡ ಬರಹ ಓದೋಕೆ ಜನ ಪೇಪರ್ ತಗೋತಾರೆ ಅಂದ್ಕೊಂಡಿದೀಯಾ? ತಮ್ಮ ಹೆಸರು ನೋಡೋಕೆ ತಗೋತಾರೆ ಕಣೇ. ಯಾರ ಮನೆಗೆ ಯಾರು ಬಂದ್ರು, ಏನು ಅಡುಗೆ ಆಯ್ತು, ಯಾರಿಗೆ ಮೈ ಸರಿ ಇಲ್ಲ, ಅದನ್ನ ನೋಡ್ತಾರೆ. ನೋಡಿ ಮುಗಿದ ಮೇಲೆ, ಹೇಗೂ ಪೇಪರು ಕೈಲಿದೆಯಲ್ಲ ಅಂತ ನಿನ್ನದನ್ನೂ ಓದ್ತಾರೆ. ಕತ್ತರಿ ಕೈಗೆ ತಗೊಂಡ್ರೆ ಮೊದಲು ನಿನ್ನ ಬರಹ ಕತ್ತರಿಸ್ಕೋ.

ಗಿಡಿಯನ್ ವಿಷಯ ನನ್ನ ಕೇಳಬೇಡ. ನಾನು ಬಿಳಿಯರ ಮನೆ ಬಟ್ಟೆ ಒಗೆಯೋಳು, ನಾನುಂಟು ನನ್ನ ತೊಟ್ಟಿ ಉಂಟು. ನನಗೇನೂ ಗೊತ್ತಿಲ್ಲ.

ಹೊಟ್ಟೆ ತುಂಬ ಊಟ ಮಾಡು. ಹೋದ ಸಲದ ಫೋಟೋದಲ್ಲಿ ಕತ್ತಿನ ಮೂಳೆ ಎಣಿಸಬಹುದಾಗಿತ್ತು.

ನಿನ್ನ ದೊಡ್ಡಮ್ಮ


ಸೇಂಟ್ ಲೂಯಿಸ್
ಸೋಮವಾರ, ೨೦ ಮಾರ್ಚ್

ದೊಡ್ಡಮ್ಮ,

ಬೈಸಿಕೊಂಡೆ, ಸಾಕು. ಇನ್ನು ಊರ ಸುದ್ದಿಯ ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ. ಹದಿನಾಲ್ಕು ಊರಿನ ಹೆಂಗಸರು ಕಳಿಸುವ ಸುದ್ದಿಯನ್ನೆಲ್ಲ ಬಂದ ಹಾಗೇ ಜೋಡಿಸಿಬಿಡಿ ಅಂತ ಅಚ್ಚುಮೊಳೆ ಜೋಡಿಸುವ ಪರ್ಸೀವಲ್‌ಗೆ ಹೇಳಿದ್ದೇನೆ. ನಾನು ಕಣ್ಣೆತ್ತಿಯೂ ನೋಡುವುದಿಲ್ಲ. ನೋಡಿದರೆ ತಾನೇ ಕತ್ತರಿ ಕೈಗೆ ಬರುವುದು? ಯಾರ ಟೋಪಿಗೆ ಎಷ್ಟು ಗರಿ, ಯಾರ ತಟ್ಟೆಗೆ ಎಷ್ಟು ಕೋಳಿ, ಎಲ್ಲ ನಿಮ್ಮ ಇಷ್ಟ.

ಓಬೆಡ್‌ನ ಕಾಗದ ಅಚ್ಚಾಯಿತು. ಒಂದು ಸಲಕ್ಕೆ ಸಾಲದೆ ಎರಡನೆಯ ಸಲ ಅಚ್ಚು ಹಾಕಬೇಕಾಯಿತು. ಇಲ್ಲಿಯ ವಕೀಲರೊಬ್ಬರು ಮನೆಗೇ ಬಂದು, "ಆ ಮನುಷ್ಯನನ್ನು ನನ್ನ ಮುಂದೆ ತಂದು ಕೂರಿಸಿ, ಪ್ರಮಾಣ ಮಾಡಿಸಿ ಬರೆಸಿಕೊಳ್ಳುತ್ತೇನೆ" ಅಂದರು. ಕಾಗದ ಬರೆದವನು ಓಬೆಡ್ಡೇ ಅಂತ ನಿಮ್ಮೂರ ಪೊಲೀಸ್ ಡೆಪ್ಯುಟಿಗೆ ಅನುಮಾನ ಬಂದಿದೆಯಂತೆ, ಹಾಲಿಸ್ ಹೇಳಿದರು. ಬರಲಿ ಬಿಡು. ಹುಡುಕುತ್ತಿದ್ದಾರೆ ಅಂದರೆ ಅವನು ಎಲ್ಲಿದ್ದಾನೆಂದು ಗೊತ್ತಿಲ್ಲ ಅಂತ ತಾನೇ ಅರ್ಥ? ಇನ್ನೊಂದು ತಿಂಗಳು ಅವನ ಹೆಸರು ಯಾರ ಬಾಯಲ್ಲೂ ಬರದಿದ್ದರೆ ಸಾಕು.

ಡ್ರುಸಿಲ್ಲಾ


ಹಾಲೋ ಫೆರಿ
ಶನಿವಾರ, ೨೫ ಮಾರ್ಚ್

ಡ್ರೂ,

ಈ ವಾರದ ಮೂರನೇ ಪುಟ ನೋಡಿದೀಯಾ? ಪೈನ್ ಸ್ಪರ್ ಊರಿನ ಸುದ್ದಿ. ಇದ್ದ ಹಾಗೇ ಇಳಿಸ್ತೀನಿ, ಓದು:

"ಹಾಲೋ ಫೆರಿಯ ಶ್ರೀಯುತ ಓಬೆಡ್ ಸ್ಯಾಮ್ಸ್ ಅವರು ತಮ್ಮ ಅಕ್ಕ ಶ್ರೀಮತಿ ವರ್ಡೀ ಕೋಲ್ ಅವರ ಮನೆಯಲ್ಲಿ ಅತಿಥಿಯಾಗಿದ್ದಾರೆ. ಭಾನುವಾರ ಹುರಿದ ಕೋಳಿ, ಸೊಪ್ಪು, ಎಣ್ಣೆಯಲ್ಲಿ ಕರಿದ ಪೀಚಿನ ಕಡುಬಿನ ಊಟವಾಯಿತು. ಅತಿಥಿಗಳಿಗೆ ಊರು ಬಹಳ ಹಿಡಿಸಿದೆ."

ಅಯ್ಯೋ ನನ್ನ ಮಗಳೇ! ಬೆಳಿಗ್ಗೆ ಹತ್ತು ಗಂಟೆಗೆ ಡೆಪ್ಯುಟಿ ಹಾರ್ಗಿಸ್ ಔಷಧಿ ಅಂಗಡಿ ಮುಂದೆ ಅದೇ ಪೇಪರ್ ಮಡಚಿ ಹಿಡ್ಕೊಂಡು ನಗ್ತಾ ನಿಂತಿದ್ದ. ಪೈನ್ ಸ್ಪರ್ ಎಪ್ಪತ್ತು ಮೈಲಿ. ಗಾಡಿ ಹೊರಡ್ತಾ ಇದೆ, ಹಾಲಿಸ್ ಅವರು ಕಾಯ್ತಾ ಇದಾರೆ. ಮೊಣಕಾಲೂರಿ ಪ್ರಾರ್ಥನೆ ಮಾಡು.

ದೊಡ್ಡಮ್ಮ


ಸೇಂಟ್ ಲೂಯಿಸ್
ಸೋಮವಾರ, ೨೭ ಮಾರ್ಚ್

ದೊಡ್ಡಮ್ಮ,

ನೋಡಿರಲಿಲ್ಲ. ಈಗ ನೋಡಿದೆ.

ಪೈನ್ ಸ್ಪರ್ ಸುದ್ದಿ ಬರೆಯುವ ಆ ಲುವೀನಿಯಾ ಬ್ಯಾಂಕ್ಸ್‌ಗೆ ತಲೆ ಇದೆಯೋ ಇಲ್ಲವೋ? ಕಡುಬಂತೆ ಕಡುಬು! ಒಬ್ಬ ಮನುಷ್ಯನ ಪ್ರಾಣವನ್ನೇ ತಟ್ಟೆಯಲ್ಲಿಟ್ಟು ಬಡಿಸಿದಳಲ್ಲ. ಇನ್ನು ನಿನ್ನ ಸುದ್ದಿ ಬೇಡ ಅಂತ ಅವಳಿಗೆ ಕಾಗದ ಬರೆದಿಟ್ಟಿದ್ದೇನೆ. ಅವಳದೊಂದೇ ಅಲ್ಲ, ಊರ ಸುದ್ದಿಯನ್ನೇ ನಿಲ್ಲಿಸಿಬಿಡುತ್ತೇನೆ. ಇದು ಪತ್ರಿಕೆ, ಊಟದ ಪಂಕ್ತಿಯಲ್ಲ.

ನಾನೇ ಬರುತ್ತೇನೆ. ವಿಧವೆಯ ಕಪ್ಪು ಮುಸುಕು ಹಾಕಿಕೊಂಡರೆ ಯಾರಿಗೂ ಗುರುತು ಸಿಗುವುದಿಲ್ಲ. ಇಲ್ಲಿ ಕೂತು ಮಾಡುವುದೇನು? ಓಬೆಡ್ ಬದುಕಿದ್ದಾನೋ ಇಲ್ಲವೋ, ಅದೊಂದನ್ನು ತಿಳಿಸು. ನಿನ್ನ ಕಾಗದ ಕೈಗೆ ಬಂದ ಗಳಿಗೆ ಹೊರಡುತ್ತೇನೆ.

ಡ್ರುಸಿಲ್ಲಾ


ಹಾಲೋ ಫೆರಿ
ಶುಕ್ರವಾರ, ೩೧ ಮಾರ್ಚ್

ಮಗಳೇ,

ಬರಬೇಡ. ಬಂದ್ರೆ ನಿನ್ನನ್ನ ಬಚ್ಚಿಡೋದು ಯಾರು? ಮುಸುಕಂತೆ! ನೀನು ನಡೆಯೋದು ನೋಡಿದ್ರೆ ಸಾಕು, ಅರ್ಧ ಮೈಲಿಯಿಂದ ಗುರುತು ಹಿಡೀತಾರೆ.

ಭಾನುವಾರ ಹನ್ನೊಂದು ಜನ ಪೈನ್ ಸ್ಪರ್‌ಗೆ ಹೋದ್ರು. ವರ್ಡೀ ಮನೆ ಬಾಗಿಲು ಮುರಿದು, ಹಾಸಿಗೆ ಬಗೆದು, ಒಲೆ ಒಡೆದು ಹಾಕಿದ್ರು. ಓಬೆಡ್ ಸಿಗಲಿಲ್ಲ. ನಮ್ಮವರು ರೈಲಿನಲ್ಲಿ ಕಳಿಸಿದ ಸುದ್ದಿ ಅವರ ಕುದುರೆಗಿಂತ ಮುಂಚೆ ಮುಟ್ಟಿತ್ತು. ಈಗ ಎಲ್ಲಿದಾನೋ ದೇವರಿಗೇ ಗೊತ್ತು. ಹುಡುಕೋದು ಮಾತ್ರ ನಿಂತಿಲ್ಲ. ಸ್ಟೇಷನ್ನಿನಲ್ಲಿ, ದಾರಿಯಲ್ಲಿ, ದೋಣಿಯಲ್ಲಿ, ನಮ್ಮ ಗಂಡಸರ ಮುಖ ಎತ್ತಿ ಎತ್ತಿ ನೋಡ್ತಾ ಇದಾರೆ.

ಈಗ ಕೂತ್ಕೊಂಡು ಓದು. ಲುವೀನಿಯಾ ಎಂಟು ವರ್ಷದಿಂದ ಹೇಗೆ ಬರೀತಿದ್ದಳೋ ಹಾಗೇ ಬರೆದಳು. ಓಬೆಡ್ ಓಡಿಬಂದವನು ಅಂತ ಅವಳಿಗೆ ಯಾರು ಹೇಳಿದ್ರು? ಯಾರೂ ಇಲ್ಲ. ಊರಿಗೆ ನೆಂಟ ಬಂದು ಅವನ ಹೆಸರು ಹಾಕದೆ ಬಿಟ್ರೆ ಮನೆಯವರಿಗೆ ಅವಮಾನ. ಮರ್ಯಾದೆ ಮಾಡೋಣ ಅಂತ ಹಾಕಿದಳು. ಗೊತ್ತಿದ್ದೋಳು ನೀನು. ನೋಡಬೇಕಾಗಿದ್ದೋಳೂ ನೀನು. ನೀನು ನೋಡಲಿಲ್ಲ, ಯಾಕೆ ಅಂದ್ರೆ ನಮ್ಮ ಕೋಳಿ, ಕಡುಬು, ಟೋಪಿ ನಿನ್ನ ಕಣ್ಣಿಗೆ ಕಸ. ಬೇಜಾರಾಗುತ್ತೆ, ಆಗಲಿ. ನಿನ್ನ ಬಾಯಿಗೆ ತುತ್ತಿಟ್ಟು ಬೆಳೆಸಿದೋಳು ನಾನು. ನಾನಲ್ಲದೆ ಇನ್ಯಾರು ಹೇಳ್ತಾರೆ?

ನಾಳೆ ತಾಬೋರ್ ಸೋದರಿಯರ ಸಂಘದ ಜಿಲ್ಲಾ ಸಭೆ. ಯಾರು ಸತ್ರೂ ಮರ್ಯಾದೆಯಾಗಿ ಮಣ್ಣು ಮಾಡಿಸೋ ಸಂಘ, ನಿನಗೆ ಗೊತ್ತಲ್ಲ. ನಿನಗೆ ಸುದ್ದಿ ಬರೆಯೋ ಹೆಂಗಸರು ಮುಕ್ಕಾಲು ಪಾಲು ಅಲ್ಲಿರ್ತಾರೆ. ಊರ ಸುದ್ದಿ ನಿಲ್ಲಿಸಬೇಡ. ಈ ಸಲ ಬಂದ ಸುದ್ದೀನ ಬಂದ ಹಾಗೇ ಹಾಕು. ಆದರೆ ಈ ಸಲ ಓದಿ ಹಾಕು.

ದೊಡ್ಡಮ್ಮ


ಸೇಂಟ್ ಲೂಯಿಸ್
ಬುಧವಾರ, ೫ ಏಪ್ರಿಲ್

ದೊಡ್ಡಮ್ಮ,

ತಪ್ಪು ನನ್ನದೇ. ಲುವೀನಿಯಾಗೆ ಬರೆದ ಕಾಗದವನ್ನು ಹರಿದು ಒಲೆಗೆ ಹಾಕಿದೆ. ಸದ್ಯ ಕಳಿಸಿರಲಿಲ್ಲ.

ಇವತ್ತು ಬೆಳಿಗ್ಗೆ ಊರ ಸುದ್ದಿಗಳು ಬಂದವು. ನೀನು ಹೇಳಿದ ಹಾಗೆ ಓದಲು ಕೂತೆ. ಮೊದಲನೆಯದು ಸ್ವೀಟ್‌ಗಮ್ ಊರಿನದು: "ಶ್ರೀಯುತ ಓಬೆಡ್ ಸ್ಯಾಮ್ಸ್ ಅವರು ಶ್ರೀಮತಿ ಝೆಲ್ಮಾ ಕ್ರೌಡರ್ ಅವರ ಅತಿಥಿ. ಹಂದಿಮಾಂಸ, ಗೆಣಸಿನ ಊಟ." ಇವರಿಗೆಲ್ಲ ಹುಚ್ಚು ಹಿಡಿದಿದೆ ಅಂತ ಕೂಗಿ ಕುರ್ಚಿ ಬಿಟ್ಟು ಎದ್ದೆ. ಎರಡನೆಯದು ಬೇಯೂ ಮೆಸನ್‌ದು, ಅಲ್ಲಿಂದ ನಲವತ್ತು ಮೈಲಿ: ಅದೇ ಭಾನುವಾರ ಅದೇ ಓಬೆಡ್, ಮೀನಿನ ಊಟ. ಮೂರನೆಯದರಲ್ಲಿ ಚರ್ಚಿನ ಗಾಯನದಲ್ಲಿ ಭಾಗವಹಿಸಿ ಎಲ್ಲರ ಮನಸ್ಸು ಗೆದ್ದಿದ್ದಾನೆ. ನಾಲ್ಕನೆಯದರಲ್ಲಿ ಹಲ್ಲುನೋವು, ಬರೀ ಗಂಜಿ. ಪರ್ಸೀವಲ್ ಪಕ್ಕದಲ್ಲಿ ನಿಂತು ಓದುತ್ತಾ, "ಈ ಮನುಷ್ಯನಿಗೆ ಎಷ್ಟು ಹೊಟ್ಟೆ ಮೇಡಂ?" ಅಂದ. ಆಗ ನನಗೆ ಹೊಳೆಯಿತು. ನಕ್ಕೆ, ನಗುತ್ತಾ ನಗುತ್ತಾ ಅತ್ತುಬಿಟ್ಟೆ.

ಒಂಬತ್ತು ಊರು, ಒಂಬತ್ತು ಊಟ. ಹುಡುಕುವವರು ಎಲ್ಲಿಗಂತ ಹೋಗುತ್ತಾರೆ? ಆಮೇಲೆ ಇನ್ನೊಂದು ಕಂಡಿತು. ಒಬ್ಬೊಬ್ಬಳೂ ಅತಿಥಿ ಇರುವ ಮನೆ ಅಂತ ತನ್ನದೇ ಹೆಸರು ಹಾಕಿದ್ದಾಳೆ. ಬಾಗಿಲು ಮುರಿಯುವುದಾದರೆ ನನ್ನದು ಮುರಿಯಿರಿ ಅಂತ. ಒಂಬತ್ತನ್ನೂ ನನ್ನ ಕೈಯಾರೆ ಜೋಡಿಸಿದೆ. ಇದು ಲುವೀನಿಯಾಳ ಉಪಾಯವೇ ಇರಬೇಕು. ಅವಳಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಸುದ್ದಿಯೂ ಬಂದಿದೆ. ಈಸ್ಟರ್‌ಗೆ ಯಾರ್ಯಾರು ಹೊಸ ಟೋಪಿ ಕೊಂಡರು, ಪಾದ್ರಿಗೆ ನೆಗಡಿ. ಓಬೆಡ್‌ನ ಹೆಸರಿಲ್ಲ. ನೀನು ಅದೇ ಊರಿನಲ್ಲಿ, ಅವರ ಬಟ್ಟೆ ಒಗೆದು ಬದುಕಬೇಕಾದವಳು. ಭಯ ಇದ್ದೇ ಇರುತ್ತದೆ. ನಾನು ತಪ್ಪು ತಿಳಿಯುವುದಿಲ್ಲ.

ಡ್ರುಸಿಲ್ಲಾ


ಸೇಂಟ್ ಲೂಯಿಸ್
ಬುಧವಾರ, ೧೨ ಏಪ್ರಿಲ್

ದೊಡ್ಡಮ್ಮ,

ನಿನ್ನ ಊರ ಸುದ್ದಿ ಬಂತು, ಕಾಗದ ಬರಲಿಲ್ಲ. ಹಾಲಿಸ್ ಅವರನ್ನು ಕೇಳಿದರೆ "ಚೆನ್ನಾಗಿದಾರೆ" ಅಂತಾರೆ, ಮುಖ ನೋಡಿ ಹೇಳುವುದಿಲ್ಲ. ಹೋದ ಸಲದ ಕಾಗದದಲ್ಲಿ ನಾನು ಕೊನೆಗೆ ಬರೆದ ಮಾತು ನಿನಗೆ ಚುಚ್ಚಿರಬೇಕು. ಇರಲಿ, ಇನ್ನೊಂದಿಷ್ಟು ಬೈದು ಬರೆ. ಸುಮ್ಮನಿರಬೇಡ.

ಓಬೆಡ್‌ನ ಸುಳಿವೇ ಇಲ್ಲ. ವಕೀಲರು ದಿನಾ ಕೇಳುತ್ತಾರೆ.

ಡ್ರೂ


ಹಾಲೋ ಫೆರಿ
ಈಸ್ಟರ್ ಭಾನುವಾರ, ೧೬ ಏಪ್ರಿಲ್

ಮಗಳೇ ಡ್ರೂ,

ಈ ಕಾಗದ ನಿನ್ನ ಕೈಗೆ ಕೊಡ್ತಾ ಇರೋನೇ ಓಬೆಡ್ ಸ್ಯಾಮ್ಸ್. ಮೊದಲು ಅವನಿಗೆ ಊಟ ಹಾಕು. ಹತ್ತೊಂಬತ್ತು ದಿನ ನನ್ನ ಮನೇಲೇ ಉಂಡಿದಾನೆ, ಅವನ ಹೊಟ್ಟೆ ಅಳತೆ ನನಗೆ ಗೊತ್ತು. ಆ ಪರ್ಸೀವಲ್ ಕೇಳಿದ್ದು ಸರಿಯಾಗೇ ಇದೆ.

ಬಾಯಿ ಬಿಟ್ಕೊಂಡು ಕೂತ್ಯಾ? ಹಾಗೇ ಓದು. ಪೈನ್ ಸ್ಪರ್‌ನಿಂದ ಅವನನ್ನ ಹೊರಡಿಸಿದ ಮೇಲೆ ಇಡೋದು ಎಲ್ಲಿ? ಹುಡುಕದೇ ಇರೋ ಊರು ಒಂದೇ, ಅವನು ಓಡಿಹೋದ ಊರು. ನನ್ನ ಬಟ್ಟೆ ಒಗೆಯೋ ಕೊಟ್ಟಿಗೆಯಲ್ಲಿ, ಬಿಳಿಯರ ಮನೆ ಹಾಸುಬಟ್ಟೆ ಗಂಟುಗಳ ಹಿಂದೆ ಮಲಗಿಸಿದೆ. ನಿನಗೆ ಬರೆಯೋ ಹಾಗಿರಲಿಲ್ಲ. ಹಾಲಿಸ್ ಅವರನ್ನ ಎರಡು ಸಲ ಗಾಡಿಯಿಂದ ಇಳಿಸಿ ಜೇಬು ತಡಕಿದ್ರು. ಒಂಬತ್ತು ಊರಿನ ಹೆಂಗಸರಿಗೆ ಹಾಗೆ ಬರೀರಿ ಅಂತ ಸಂಘದಲ್ಲಿ ಹೇಳಿದೋಳು ನಾನೇ. ನನ್ನ ಸುದ್ದಿಯಲ್ಲಿ ಅವನ ಹೆಸರು ಹೇಗೆ ಹಾಕಲಿ? ನನ್ನದೊಂದು ನಿಜವಾಗಿಬಿಡ್ತಿತ್ತಲ್ಲೇ!

ನಿನ್ನ ಕಾಗದ ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಭಯ ಇದೆ ಅಂತ ಬರೆದೆಯಲ್ಲ, ಇದ್ದದ್ದು ನಿಜ. ಆದರೆ ನೀನು ಅಂದುಕೊಂಡ ಜಾಗದಲ್ಲಿ ಅಲ್ಲ. ಈಗ ಹೇಳಿಬಿಡ್ತೀನಿ.

ಗಿಡಿಯನ್ ಸತ್ತಿದ್ದು ಫೆಬ್ರವರಿಯ ಒಂದು ಮಂಗಳವಾರ. ಮುಂದಿನ ಸೋಮವಾರ ಬಟ್ಟೆ ಗಂಟು ಬಿಚ್ಚಿದಾಗ ಐದು ಮನೆಯ ಐದು ಅಂಗಿಗಳಲ್ಲಿ, ಬಲಗೈ ತೋಳಿನ ಮೇಲೆ, ರಾಳದ ಹನಿ ಅಂಟಿತ್ತು. ಪಂಜು ಎತ್ತಿ ಹಿಡಿದ್ರೆ ಹಾಗೇ ಇಳಿಯೋದು. ಐದು ಗಂಡಸರು ಒಂದೇ ವಾರದಲ್ಲಿ ಒಂದೇ ತೋಳಿಗೆ ರಾಳ ಸುರ್ಕೊಂಡು ಬರೋಕೆ ಅವತ್ತೇನು ಹಬ್ಬ ಇತ್ತೇ? ನನಗೆ ಆಗಲೇ ಗೊತ್ತಾಯ್ತು. ಗೊತ್ತಾದರೂ ಬಾಯಿ ಮುಚ್ಕೊಂಡು, ಕೊಬ್ಬು ಹಚ್ಚಿ, ಟರ್ಪೆಂಟೈನ್ ಹಾಕಿ ಉಜ್ಜಿ, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟೆ. ಗಿಡಿಯನ್ ನಮ್ಮ ಚರ್ಚಿನ ಹುಡುಗ. ಅವನನ್ನ ಕೊಂದವರ ಗುರುತನ್ನ ನನ್ನ ಕೈಯಾರೆ ತೊಳೆದು ಬಿಳುಪು ಮಾಡಿದೆ. ಆ ನೋವು ಯಾರಿಗೆ ಹೇಳ್ಕೊಳ್ಳಲಿ ಮಗಳೇ?

ಓಬೆಡ್ ಬಂದ ಮೂರನೇ ದಿನ ಅವನನ್ನ ಕೂರಿಸಿ ಅಂದೆ, "ನೀನು ಹೆಸರು ಹೇಳಬೇಡ. ನಾನು ಮನೆ ಹೇಳ್ತೀನಿ, ಸರಿಯೋ ತಪ್ಪೋ ಹೇಳು." ಐದಕ್ಕೆ ಐದೂ ಒಂದೇ ಆಯ್ತು. ಮೂರನೇದು ಅಂಚೆ ಮಾಸ್ತರನದು. ಕಾಗದ ಅಂಚೆಗೆ ಹಾಕಬೇಡ ಅಂದಿದ್ದು ಅದಕ್ಕೇ.

ಐದು ಮನೆ ಹೆಸರು ಬೇರೆ ಹಾಳೆಯಲ್ಲಿ ಬರೆದು ಕೆಳಗೆ ನನ್ನ ಹೆಸರು ಹಾಕಿದೀನಿ. ಓಬೆಡ್ ಒಬ್ಬನ ಮಾತು ಅಂದ್ರೆ ಸುಳ್ಳುಗಾರ ಅಂತಾರೆ. ಇಬ್ಬರ ಮಾತು ಅಂದ್ರೆ ಹಾಗನ್ನೋದು ಕಷ್ಟ.

ನಾಳೆ ನಮ್ಮ ಸಂಘದವರು ಬಿಳಿ ಬಟ್ಟೆ ಹಾಕ್ಕೊಂಡು, ಬ್ಯಾಂಡ್ ಕಟ್ಕೊಂಡು ಮೆಂಫಿಸ್‌ಗೆ ಹೊರಡ್ತೀವಿ, ಅಲ್ಲಿಂದ ಓಬೆಡ್ ನಿನ್ನೂರಿನ ಗಾಡಿ ಹತ್ತುತಾನೆ. ದೊಡ್ಡ ಡೋಲು ಓಬೆಡ್‌ದು. ಹೊಟ್ಟೆಯಿಂದ ಗಲ್ಲದ ತನಕ ಡೋಲೇ ಮುಚ್ಚುತ್ತೆ. ಬಾರಿಸೋಕೆ ಒಂದಿಷ್ಟೂ ಬರಲ್ಲ. "ಎಡಗಾಲು ಬಿದ್ದಾಗೆಲ್ಲ ಒಂದು ಹೊಡಿ, ಬೇರೆ ಏನೂ ಕಸರತ್ತು ಮಾಡಬೇಡ" ಅಂತ ಹೇಳಿಕೊಟ್ಟಿದೀನಿ. ದೇವರು ನಡೆಸಲಿ.

ನಿನ್ನ ದೊಡ್ಡಮ್ಮ


ಸೇಂಟ್ ಲೂಯಿಸ್
ಗುರುವಾರ, ೨೦ ಏಪ್ರಿಲ್

ದೊಡ್ಡಮ್ಮ,

ನಿನಗೆ ಭಯ ಅಂತ ಬರೆದ ಕೈಯನ್ನು ಕತ್ತರಿಸಿಕೊಳ್ಳಬೇಕು ಅನ್ನಿಸಿತು. ಆದರೆ ಅಚ್ಚುಮೊಳೆ ಜೋಡಿಸುವುದಕ್ಕೆ ಅದೇ ಕೈ ಬೇಕಾಗಿದೆ. ಕ್ಷಮಿಸು ಅಂತ ಕೇಳುವ ಮುಖವೂ ನನಗಿಲ್ಲ, ಆದರೂ ಕೇಳುತ್ತೇನೆ.

ಓಬೆಡ್ ಬಂದ. ಬದುಕಿ ಬಂದ! ಹೊಸ್ತಿಲ ಮೇಲೆ ನಿಂತು, "ಮೇಡಂ, ನಾನು ಆ ಒಂಬತ್ತು ಊರಿನ ಅತಿಥಿ" ಅಂದ. ನಿಮ್ಮೂರ ಸ್ಟೇಷನ್ನಿನಲ್ಲಿ ಡೆಪ್ಯುಟಿ ಹಾರ್ಗಿಸ್ ಎರಡೇ ಮಾರು ದೂರದಲ್ಲಿ ನಿಂತಿದ್ದನಂತೆ. ನೀನು ಬೇಕೆಂದೇ ಅವನ ಮುಂದೆ ನಿಂತು, ಅವನ ಹೆಂಡತಿಯ ಲೇಸಿನ ಕೊರಳುಪಟ್ಟಿಗೆ ಎಷ್ಟು ಗಂಜಿ ಹಾಕಲಿ ಅಂತ ಕೇಳುತ್ತಲೇ ಇದ್ದೆಯಂತೆ, ಅವನು "ತೊಲಗೇ ಹೆಪ್ಸಿ, ತಲೆ ತಿನ್ನಬೇಡ" ಅಂತ ಗದರುವ ತನಕ. ಅಷ್ಟರಲ್ಲಿ ಡೋಲು ಗಾಡಿ ಹತ್ತಿತ್ತು. ಹೇಳುವಾಗ ಓಬೆಡ್‌ಗೆ ನಗು.

ವಕೀಲರ ಮುಂದೆ ಬೈಬಲ್ ಮುಟ್ಟಿ ಐದು ಹೆಸರು ಹೇಳಿದ. ನಿನ್ನ ಹಾಳೆ ಪಕ್ಕದಲ್ಲಿಟ್ಟು ನೋಡಿದರು. ಐದಕ್ಕೆ ಐದೂ ತಾಳೆಯಾಯಿತು. ನಾನು ಓಬೆಡ್‌ನನ್ನು ಕೇಳಿದೆ, "ನಿನ್ನ ಹೆಸರು ಹಾಕಲೇ, ಬಿಡಲೇ?" ಅಂತ. "ಕಡುಬು ತಿಂದಿದ್ದಕ್ಕೇ ಹೆಸರು ಹಾಕಿದ್ರಿ, ಇದಕ್ಕೆ ಹಾಕಲ್ವಾ?" ಅಂದ.

ಏಪ್ರಿಲ್ ೨೮ರ ಸಂಚಿಕೆಯ ಮೊದಲ ಪುಟದಲ್ಲಿ ಎರಡು ಹೇಳಿಕೆಗಳೂ ಬರುತ್ತವೆ, ಐದು ಹೆಸರುಗಳೂ ಬರುತ್ತವೆ. ಆದರೆ ನೀನು ಆ ಊರಲ್ಲಿರುವ ತನಕ ನಿನ್ನ ಹೇಳಿಕೆ ಅಚ್ಚಿಗೆ ಹೋಗುವುದಿಲ್ಲ. ಇದರಲ್ಲಿ ಮಾತಿಲ್ಲ. ಟಿಕೆಟ್ ಇಟ್ಟಿದ್ದೇನೆ, ೨೬ರ ಬುಧವಾರದ ಗಾಡಿ. ತೊಟ್ಟಿ, ಇಸ್ತ್ರಿಪೆಟ್ಟಿಗೆ ಎಲ್ಲ ಬಿಟ್ಟು ಬಾ. ನೀನು ಗಾಡಿ ಹತ್ತಿದೆ ಅಂತ ಹಾಲಿಸ್ ಬಂದು ಹೇಳಿದ ಮೇಲೆಯೇ ಅಚ್ಚಿನ ಚಕ್ರ ತಿರುಗಿಸುತ್ತೇನೆ.

ನಿನ್ನ ಮಗಳು
ಡ್ರೂ


ಕೈರೋ ಜಂಕ್ಷನ್
ಶನಿವಾರ, ೨೯ ಏಪ್ರಿಲ್ ೧೯೧೧

ಮಗಳೇ,

ಮೊದಲು ಇಲ್ಲಿದೀನಿ ಅಂತ ತಿಳ್ಕೋ. ಜೀವಕ್ಕೇನೂ ಆಗಿಲ್ಲ. ನನ್ನ ಗಾಡಿ ಬರೋಕೆ ಇನ್ನೂ ನಾಲ್ಕು ಗಂಟೆ ಇದೆ. ಹಾಲಿಸ್ ಅವರದು ಮುಂಚೆ ಮುಟ್ಟುತ್ತೆ ಅಂತ ಇದನ್ನ ಅವರ ಕೈಲಿ ಕೊಡ್ತಾ ಇದೀನಿ. ಬುಧವಾರ ನಾನು ಹತ್ತಿದೆ, ಕೈರೋದಲ್ಲಿ ನೆಂಟರ ಮನೇಲಿ ಇಳಿದೆ ಅಂತ ಅವರು ನಿನಗೆ ಹೇಳಿದ್ದು ಸುಳ್ಳು. ಅವರನ್ನ ಬೈಬೇಡ, ಹಾಗೆ ಹೇಳಿಸಿದೋಳು ನಾನು. ನಿಜ ಹೇಳಿದ್ರೆ ನೀನು ಅಚ್ಚು ಹಾಕ್ತಿರಲಿಲ್ಲ.

ನನಗೆ ಒಂದು ಕೆಲಸ ಬಾಕಿ ಇತ್ತು. ಐದು ಮನೆ ಬಟ್ಟೆ ಮನೇಲೇ ಇತ್ತು. ಒಗೆಯೋಕೆ ತಗೊಂಡ ಬಟ್ಟೆ ವಾಪಸ್ ಕೊಡದೆ ಓಡಿಹೋದಳು ಅನ್ನಿಸ್ಕೊಳ್ಳೋದು ನನ್ನಿಂದಾಗಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಗುಂಡಿಯೂ ಕಳೆದಿಲ್ಲ.

ಶುಕ್ರವಾರ ಹಾಲಿಸ್ ಅವರು ಐದೇ ಐದು ಪೇಪರ್ ಇಳಿಸಿದ್ರು, ಮಿಕ್ಕಿದ್ದನ್ನ ನಾನು ಹೊರಟ ಮೇಲೆ ಹಂಚಿ ಅಂತ ಹೇಳಿದ್ದೆ. ಮೊದಲ ಪುಟ ಎಷ್ಟು ಚೆನ್ನಾಗಿ ಬಂದಿದೆ ಮಗಳೇ! ನನ್ನ ಹೆಸರನ್ನ ಅಷ್ಟು ದಪ್ಪ ಅಕ್ಷರದಲ್ಲಿ ಹಾಕೋದೇ? ಅಂಗಿಗಳನ್ನ ಒಂದೊಂದಾಗಿ ಮಡಚಿ, ಒಂದೊಂದು ಗಂಟಿಗೆ ಒಂದೊಂದು ಪೇಪರ್ ಸುತ್ತಿ, ಮೊದಲ ಪುಟ ಒಳಮುಖ ಮಾಡಿ ದಾರ ಕಟ್ಟಿದೆ. ಇವತ್ತು ಬೆಳಿಗ್ಗೆ, ಪ್ರತಿ ಶನಿವಾರ ಹೋಗೋ ಹಾಗೆ, ತಲೆ ಮೇಲೆ ಬುಟ್ಟಿ ಇಟ್ಕೊಂಡು ಹೊರಟೆ. ದೋಣಿ ಯಜಮಾನನ ಮನೆ, ಹತ್ತಿ ಗಿರಣಿಯವನ ಮನೆ, ಅಂಚೆ ಮಾಸ್ತರನ ಮನೆ, ಔಷಧಿ ಅಂಗಡಿಯವನ ಮನೆ. ಹಿಂಬಾಗಿಲು, ಗಂಟು, "ಇಟ್ಟು ಹೋಗು." ಭಯ ಇರಲಿಲ್ಲ ಅಂತ ಸುಳ್ಳು ಹೇಳಲ್ಲ. ಇತ್ತು. ಆದರೂ ನಡೆದೆ.

ಕೊನೇದು ಡೆಪ್ಯುಟಿ ಹಾರ್ಗಿಸ್ ಮನೆ. ಅವನಿರಲಿಲ್ಲ. ಹೆಂಡತಿ ಕೊರಳುಪಟ್ಟಿ ನೋಡಬೇಕು ಅಂತ ಅಲ್ಲೇ ದಾರ ಬಿಚ್ಚಿದಳು. ಬಿಚ್ಚಿ ಪೇಪರ್ ಪಕ್ಕಕ್ಕೆ ಎಸೆಯೋಕೆ ಹೋದೋಳು ನಿಂತಳು. ಗಂಡನ ಹೆಸರು ಕಂಡಿತು. ಅಲ್ಲೇ ನಿಂತು ಓದಿದಳು, ತುಟಿ ಆಡಿಸ್ತಾ, ಮೇಲಿಂದ ಕೆಳಗಿನ ತನಕ. ನಾನು ಹೋಗಬಹುದಿತ್ತು, ಹೋಗಲಿಲ್ಲ. ಅವಳ ಮುಖ ಮೊದಲು ಕೆಂಪಾಯ್ತು, ಆಮೇಲೆ ಗಂಜಿ ಹಾಕಿದ ಹಾಗೆ ಬಿಳಿಚಿತು. ಅಂಗಿ ತೋಳನ್ನ ಎತ್ತಿ ನೋಡಿದಳು. ಫೆಬ್ರವರಿಯ ಅಂಗಿ ಅವಳಿಗೂ ನೆನಪಿತ್ತು ಮಗಳೇ. ನೆನಪಿದ್ದದ್ದು ನನಗೆ ಕಂಡಿತು.

ಆಮೇಲೆ ಪೇಪರ್ ನನ್ನ ಕಡೆ ತಿರುಗಿಸಿ, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಕೂಗಿದಳು, "ಯಾರೇ ಇವಳು? ಈ ಶ್ರೀಮತಿ ಹೆಪ್ಸಿಬಾ ಟಾಲಿವರ್ ಅಂತೆ! ಈ ಊರಲ್ಲಿ ಅಂಥೋಳು ಯಾರೂ ಇಲ್ಲ. ನಮ್ಮನೆ ಬಟ್ಟೆ ವಿಷಯ ಇವಳಿಗೆ ಹೇಗೆ ಗೊತ್ತು? ನಿಮ್ಮ ಜನ ತಾನೇ, ನಿನಗೆ ಗೊತ್ತಿರಬೇಕು. ಹೇಳು ಹೆಪ್ಸಿ, ಯಾರಿವಳು?"

ಇಪ್ಪತ್ತೆರಡು ವರ್ಷ ಅವಳ ಮನೆ ಬಟ್ಟೆ ಒಗೆದಿದೀನಿ. ಅವಳ ಎರಡು ಹೆರಿಗೆಯ ಬಟ್ಟೆ ಒಗೆದಿದೀನಿ. ನನ್ನ ಪೂರ್ತಿ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಬುಟ್ಟಿ ಕೆಳಗಿಟ್ಟೆ. "ನಾನೇ ಅಮ್ಮಾವ್ರೇ," ಅಂದೆ. ಆಮೇಲೆ ಸ್ಟೇಷನ್ನಿಗೆ ಹೋಗಿ ಹನ್ನೊಂದೂಕಾಲಿನ ಗಾಡಿ ಹತ್ತಿದೆ.

ನಿನ್ನ ದೊಡ್ಡಮ್ಮ
ಶ್ರೀಮತಿ ಹೆಪ್ಸಿಬಾ ಟಾಲಿವರ್